ಎತ್ತಿನ ಸೂಜಿ

ಕೊರೊನಾ ಮುಗಿದು ಶಾಲೆಗಳು ಬಾಗಿಲು ತೆರೆದ ಮರುವರ್ಷ. ನಾನಾಗ ಲಿಂಗಸುಗೂರಿನಲ್ಲಿ ಮೂಳೆ ವೈದ್ಯ. ಕಾರಹುಣ್ಣಿಮೆ ಬಂತೆಂದರೆ ನನಗೆ ತಲೆನೋವು. ಊರೂರಲ್ಲಿ ಉಸುಕಿನ ಚೀಲ ಎತ್ತುವ ಪಂದ್ಯ, ಮರುದಿನ ನನ್ನ ಬಾಗಿಲಲ್ಲಿ ಸೊಂಟ ಹಿಡಿದುಕೊಂಡವರ ಸಾಲು.

ಆ ವರ್ಷ ಪಂದ್ಯಕ್ಕೂ ಮೊದಲೇ ಬಂದವನು ಪಾಮನಕಲ್ಲೂರಿನ ಅಮರೇಶ. ಚೀಲ ಎತ್ತುವ ತಾಲೀಮಿನಲ್ಲಿ ಮಣಿಕಟ್ಟು ಉಳುಕಿತ್ತು. ಗಿಡ್ಡ ಆಳು, ದಪ್ಪ ತೋಳು, ಗಡಸು ದನಿ, ಬೆನ್ನ ತುಂಬ ಮೊಡವೆ. ಇಪ್ಪತ್ತರವನಿರಬೇಕು ಅಂದುಕೊಂಡೆ. ಕೇಳಿದರೆ ಹದಿನಾಲ್ಕು!

“ಒಂಬತ್ತನೇ ಕ್ಲಾಸ್ ರೀ ಸಾಹೇಬ್ರ. ಮೈ ಹೆಂಗ ಬೆಳಸ್ಯಾನ ನೋಡ್ರಿ!” ಎಂದು ತಂದೆ ದೊಡ್ಡಬಸಪ್ಪ ಮೀಸೆ ತಿರುವಿದ. ಮಗ ಪೊಲೀಸ್ ಆಗಬೇಕು ಅನ್ನುವುದು ಅವನ ಹಟ. ಮಗನ ಕನಸೂ ಅದೇ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದೆ. ಮೂಳೆ ಮುರಿದಿರಲಿಲ್ಲ. ಆದರೆ ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಒಂದು ಕಪ್ಪು ಗೆರೆ ಕಾಣಬೇಕು. ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತೇವೆ, ಮೂಳೆ ಉದ್ದವಾಗುವುದು ಅಲ್ಲಿಯೇ. ಅಮರೇಶನ ಕೈಯಲ್ಲಿ ಆ ಗೆರೆ ಇರಲೇ ಇಲ್ಲ.

“ಏನು ಕೊಡ್ತೀಯಪ್ಪ ಇವಗ?”

“ಹಾಲು, ತತ್ತಿ, ಶೇಂಗಾ ರೀ.”

“ಸೂಜಿ?”

ದೊಡ್ಡಬಸಪ್ಪ ನೆಲ ನೋಡಿದ. ಕಲ್ಲು ಎಳೆಯುವ ಪಂದ್ಯಕ್ಕೆಂದು ಎತ್ತು ಸಾಕಿದವನು ಅವನು. “ಎತ್ತಿಗೆ ಮಾಡೋ ತಾಕತ್ತಿನ ಸೂಜಿ ರೀ. ಎತ್ತಿನಷ್ಟಲ್ರಿ ಮತ್ತ, ಕಾಲುಭಾಗ ಅಷ್ಟ. ಎರಡು ವರ್ಷದಿಂದ ನಾನ ಮಾಡೀನ್ರಿ, ಕೈ ರೂಢಿ ಐತಿ.”

ನನಗೆ ಪಿತ್ತ ನೆತ್ತಿಗೇರಿತು. “ಹಂಗಾದ್ರ ನೊಗಾನೂ ಹೂಡಬೇಕಿತ್ತಲ್ಲೋ ಮಾರಾಯ!” ಎಂದು ಕೂಗಿಬಿಟ್ಟೆ.

ಅದು ಅನಬಾಲಿಕ್ ಸ್ಟಿರಾಯ್ಡ್, ಅಂದರೆ ಪುರುಷ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ. ಸ್ನಾಯು ಬೆಳೆಸುತ್ತದೆ ನಿಜ. ಮಕ್ಕಳಿಗೆ ಕೊಟ್ಟರೆ ಮೊದಲು ಸರ್ರನೆ ಎತ್ತರ ಏರಿಸಿ, ಆಮೇಲೆ ಮೂಳೆಯ ಬೆಳವಣಿಗೆಯನ್ನೇ ಮುಗಿಸಿಬಿಡುತ್ತದೆ. ಹೋದ ವರ್ಷ ತರಗತಿಗೆಲ್ಲ ಎತ್ತರವಿದ್ದನಂತೆ ಅಮರೇಶ. ಈಗ ಗೆಳೆಯರೆಲ್ಲ ಅವನನ್ನು ದಾಟಿದ್ದರು. ಯಕೃತ್ತು, ಹೃದಯದ ತಪಾಸಣೆಗೆ ರಾಯಚೂರಿಗೆ ಹೋಗಿ ಎಂದು ಬರೆದುಕೊಟ್ಟೆ.

ಚೀಟಿ ತೆಗೆದುಕೊಳ್ಳುತ್ತ ಹುಡುಗ ಕೇಳಿದ. “ಸರ್, ಪೊಲೀಸ್ ಭರ್ತಿಗೆ ನನಗ ಇನ್ನ ನಾಕು ಇಂಚು ಬೇಕ್ರಿ. ಅದಕ್ಕೊಂದು ಸೂಜಿ ಮಾಡ್ರಿ.”

‘ನೋಡೋಣಪ್ಪ’ ಎಂದು ಕಳಿಸಬಹುದಿತ್ತು. ಹಾಗೆ ಕಳಿಸಿದರೆ ಅಪ್ಪ ಮಗ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ಇನ್ನೊಂದು ಸೂಜಿ ಹುಡುಕದೆ ಬಿಡುವವರಲ್ಲ. ಇಲ್ಲದ್ದನ್ನು ಇಲ್ಲವೆಂದು ಬಾಯಿಬಿಟ್ಟು ಹೇಳುವುದೂ ವೈದ್ಯನ ಕೆಲಸ ಎಂದು ನನಗೆ ಕಲಿಸಿದವನು ಆ ಹುಡುಗ.

ಕುರ್ಚಿ ಎಳೆದುಕೊಂಡು ಅವನೆದುರು ಕೂತೆ.

“ಅಂಥಾ ಸೂಜಿ ಇಲ್ಲಪ್ಪ ಅಮರೇಶ,” ಎಂದೆ. “ನೀ ಇನ್ನ ಬೆಳೆಯಂಗಿಲ್ಲ.”