ಮಾವನ ಬೆರಳು, ಅಬ್ಬಿಯ ಕಾಮನಬಿಲ್ಲು

ವಿಠೋಬ ಮಾವನ ಎಡಗೈ ತೋರುಬೆರಳನ್ನು ಮಾತ್ರ ನಂಬುವ ಹಾಗಿರಲಿಲ್ಲ. ಉಳಿದ ಮಾವ ಸಭ್ಯನೇ. ಮಲ್ಲಾಪುರದ ನೌಕರಿ ಮುಗಿಸಿ ಶೆಟಗೇರಿಗೆ ಮರಳಿದ್ದ ಈ ನನ್ನ ತಾಯಿಯ ತಮ್ಮ, ಗದ್ದೆಯ ಕೆಲಸ ಆಯಿತೆಂದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಘಟ್ಟದ ಬುಡದ ಅಬ್ಬಿಗೆ ಹೊರಡುತ್ತಿದ್ದ. ಧುಮುಕುವ ನೀರಿನ ತುಂತುರಿನಲ್ಲಿ ಮೂಡುವ ಕಾಮನಬಿಲ್ಲಿನ ಫೋಟೊ ತೆಗೆಯುವುದು ಅವನ ಹುಚ್ಚು. ಬಿಸಿಲು ಬೆನ್ನಿಗೆ ಬೀಳುವವರೆಗೆ ಬಂಡೆಯ ಮೇಲೆ ಕಾದು ಕೂರುತ್ತಿದ್ದ. ಹಸಿವಾಯಿತು ಎಂದವರಿಗೆ, “ಅದು ಬಂದು ಹೋಗ್ಲಿ, ಆಮೇಲೆ ಉಣ್ವಾ” ಎಂಬ ಉತ್ತರ.

ಫೋಟೊಗಿಂತಲೂ ಅವನಿಗೆ ಖುಷಿ ಕೊಡುತ್ತಿದ್ದದ್ದು ಜೊತೆಗೆ ಬಂದವರ ಪರೀಕ್ಷೆ. ಸುಳ್ಳು ಹೇಳಿದವರಿಗೆ ಈ ಕ್ಯಾಮೆರಾದಲ್ಲಿ ಬಿಲ್ಲು ಕಾಣುವುದಿಲ್ಲ ಎಂದು ಮುಖ ಗಂಭೀರ ಮಾಡಿಕೊಂಡು ಹೇಳುತ್ತಿದ್ದ. ಕ್ಯಾಮೆರಾ ಯಾರ ಕೈಗೂ ಕೊಡುತ್ತಿರಲಿಲ್ಲ. ತಾನೇ ಹಿಡಿದು, ಅವರನ್ನು ಬಗ್ಗಿಸಿ ಕಿಂಡಿಯಲ್ಲಿ ನೋಡಿಸುತ್ತಿದ್ದ. ಲೆನ್ಸಿನ ಮುಂದೆ ಹೊಳಪು ತಗ್ಗಿಸುವ ಒಂದು ಫಿಲ್ಟರ್ ಇತ್ತು. ಅದರ ರಿಂಗನ್ನು ಸ್ವಲ್ಪ ತಿರುಗಿಸಿದರೆ ನೀರು, ಬಂಡೆ ಎಲ್ಲ ಇದ್ದಲ್ಲೇ ಇದ್ದು ಬಿಲ್ಲು ಮಾತ್ರ ಮಾಯ. ತಿರುಗಿಸುತ್ತಿದ್ದದ್ದು ಆ ಎಡಗೈ ಬೆರಳು. ಈ ಗುಟ್ಟನ್ನು ಅವನು ನನಗೊಬ್ಬಳಿಗೇ ಹೇಳಿದ್ದ.

ಬೇಲೆಕೇರಿಯ ಅವನ ಷಡ್ಡಕ, ಕುಡಿತ ಬಿಟ್ಟು ವರ್ಷವಾಯಿತೆಂದು ಎದೆ ತಟ್ಟಿಕೊಂಡು ನೋಡಲು ಬಗ್ಗಿದ. ಬಿಲ್ಲು ಹೋಯಿತು. ಕಣ್ಣುಜ್ಜಿಕೊಂಡು ನೋಡಿದ, ಇಲ್ಲ. ಕೊನೆಗೆ ಹೆಂಡತಿಗೆ ಕೇಳಿಸದಂತೆ, ನಿನ್ನೆ ಒಂದು ಗುಟುಕು ಮಾತ್ರ ಎಂದು ಮಾವನ ಕಿವಿಯಲ್ಲಿ ಹೇಳಿದ ಮೇಲೆ ಬಿಲ್ಲು ಮರಳಿತು.

ನನ್ನನ್ನು ನೋಡಲು ಕಾರವಾರದಿಂದ ಬಂದ ಹುಡುಗನಿಗೂ ಅದೇ ಗತಿ. ಮದುವೆಯಾದ ಮೇಲೂ ಇವಳು ನೌಕರಿ ಮಾಡಬಹುದೇ ಎಂದು ಮಾವ ಕೇಳಿದ. ಧಾರಾಳವಾಗಿ ಎಂದ ಹುಡುಗ. ಕಿಂಡಿಯಲ್ಲಿ ನೋಡಿ, ಬಿಲ್ಲು ಕಾಣದೆ ಬೆವರಿ, ತಾಯಿಗೆ ಅದು ಇಷ್ಟವಿಲ್ಲ, ತಾನಿನ್ನೂ ಎದುರು ಮಾತಾಡಿಲ್ಲ ಎಂದು ಒಪ್ಪಿಕೊಂಡ.

“ಇವತ್ತೇ ಹೋಗಿ ಮಾತಾಡು ತಮ್ಮಾ. ಈಗ ನೋಡು, ಬಂತಾ?” ಎಂದ ಮಾವ.

ಹುಡುಗ ಹೋಗಿ ಮಾತಾಡಿದ. ನನ್ನ ನೌಕರಿ ಉಳಿಯಿತು, ಮದುವೆಯೂ ಆಯಿತು. ಬೆರಳಿನ ವಿಷಯ ಮಾತ್ರ ಗಂಡನಿಗೆ ಇಂದಿಗೂ ಹೇಳಿಲ್ಲ. ಸಂಸಾರದಲ್ಲಿ ಒಂದಿಷ್ಟು ಹೆದರಿಕೆ ಇರಲಿ.

ಮಾವ ತೀರಿಕೊಂಡದ್ದು ಈ ವರ್ಷ, ಮಳೆ ಹಿಡಿಯುವ ಮೊದಲು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಅವನೆದುರೇ ಹೇಳಿದ್ದರು. ಹಿಂದಿನ ಮಳೆಗಾಲ ಮುಗಿದ ಕೂಡಲೇ ಅಬ್ಬಿಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದಿದ್ದ. ನಾನೂ ಗಂಡನೂ ತೋಳು ಹಿಡಿದು ಇಳಿಸಿದೆವು. ಬಿಸಿಲು ಬೆನ್ನಿಗೆ ಬಂದು ಬಿಲ್ಲು ಮೂಡಿತು. ಕೈ ನಡುಗುತ್ತದೆಂದು ಮೊದಲ ಸಲ ಕ್ಯಾಮೆರಾ ನನ್ನ ಕೊರಳಿಗೆ ಹಾಕಿ, ತಾನು ಬಗ್ಗಿ ಕಣ್ಣಿಟ್ಟ. ನನ್ನ ಎಡಗೈ ಬೆರಳು ರಿಂಗಿನ ಮೇಲಿತ್ತು. ಅದು ಅವನಿಗೂ ಗೊತ್ತಿತ್ತು.

“ಬರೋ ವರ್ಷಾನೂ ನಾ ಇಲ್ಲಿಗೆ ಬರ್ತೆ, ತಂಗಿ,” ಎಂದ.

ನಾನು ರಿಂಗು ಒಂದಿಷ್ಟೂ ಅಲುಗದಂತೆ ಗಟ್ಟಿಯಾಗಿ ಹಿಡಿದುಕೊಂಡು, ಕಾಣುತ್ತದೆಯಾ ಎಂದು ಕೇಳಿದೆ.

ಅವನು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

“ಕಾಣ್ತೇ ಅದೆ,” ಎಂದು ನಕ್ಕ. “ನಿಂಗೆ ಈ ಕೆಲ್ಸ ಬರೂದಿಲ್ಲ.”