ಗಂಗಾಬಾಯಿಯ ಐದಡಿ ದಾರ

ತೆಲುಗು ನಾಡಿನ ರಾಜಧಾನಿಯಲ್ಲಿ, ಅಬಿಡ್ಸ್ ಪೇಟೆಯ ಫುಟ್‌ಪಾತಿನಲ್ಲಿ, ಕನ್ನಡ ನಾಡಿನಿಂದ ಬಂದ ಗಂಗಾಬಾಯಿ ನಾಲ್ಕು ಕಾಲಿನ ಪೇಪರ್ ಡಬ್ಬಾ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷವಾಗಿತ್ತು. ಎದುರಿನ ಅಂಗಡಿಯ ಗೋಡೆಗೂ ಡಬ್ಬಾಕ್ಕೂ ನಡುವೆ ಜನ ಓಡಾಡಲು ಐದಡಿ ಬಿಡಬೇಕು, ಡಬ್ಬಾ ರಸ್ತೆಗೆ ಇಳಿಯಕೂಡದು ಎಂದು ಲೈಸೆನ್ಸಿನಲ್ಲಿತ್ತು. ಪೇಪರ್ ಕಟ್ಟಿಗೆ ಸುತ್ತಿ ಬಂದ ದಾರವನ್ನೇ ಐದಡಿಗೆ ಕತ್ತರಿಸಿ ಎರಡೂ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದಳು. ಆ ದಾರದಿಂದ ಅಳೆಯದೆ ಒಂದು ದಿನವೂ ಕಟ್ಟು ಬಿಚ್ಚಿದವಳಲ್ಲ.

ಊರಿಗೆ ಸಾಫ್ಟ್‌ವೇರ್ ದುಡ್ಡು ಬಂತು. ಎದುರಿನ ಗಡಿಯಾರದ ಅಂಗಡಿ ಹೋಗಿ ಅಲ್ಲಿ ಹುಮನಾಬಾದಿನ ಜನಾರ್ದನ ಮೊಬೈಲ್ ಅಂಗಡಿ ತೆರೆದ. ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಗಳಿಂದ ಬರುವ ಹುಡುಗರ ಕಣ್ಣು ಕುಕ್ಕಲೆಂದು ಫುಟ್‌ಪಾತಿನ ಮೇಲೆಯೇ ಗ್ರಾನೈಟ್ ಮೆಟ್ಟಿಲು ಹಾಕಿಸಿದ. ಮೊದಲು ಒಂದು, ಆಮೇಲೆ ಎರಡು, ಕೊನೆಗೆ ಮೂರು.

ನಮ್ಮ ಗಂಗಾಬಾಯಿ ಮಾಡಿದ್ದೇನು? ಪ್ರತಿ ಸಲವೂ ಮೆಟ್ಟಿಲಿನ ಅಂಚಿನಿಂದ ದಾರ ಹಿಡಿದು ಡಬ್ಬಾವನ್ನು ಹಿಂದಕ್ಕೆ, ರಸ್ತೆಯ ಕಡೆಗೆ ತಳ್ಳಿದಳು. ಪಾಪ ಎನ್ನಬೇಕೋ ಪೆದ್ದು ಎನ್ನಬೇಕೋ, ನೀವೇ ಹೇಳಿ. ಕೊನೆಗೆ ಡಬ್ಬಾದ ಹಿಂದಿನ ಕಾಲುಗಳು ರಸ್ತೆಗಿಳಿದು ಇಟ್ಟಿಗೆಯ ಮೇಲೆ ನಿಂತವು. ಡಬ್ಬಾ ತನ್ನ ಅಂಗಡಿಗೆ ಅಡ್ಡವೆಂದು ಅದಕ್ಕೇ ಕಾದಿದ್ದ ಜನಾರ್ದನ ನಗರಪಾಲಿಕೆಗೆ ದೂರು ಕೊಟ್ಟೇಬಿಟ್ಟ.

ಪಾಲಿಕೆಯ ಇನ್‌ಸ್ಪೆಕ್ಟರ್ ಸೂರ್ಯನಾರಾಯಣ ಬಂದು ಇಟ್ಟಿಗೆ ನೋಡಿ, ಲೈಸೆನ್ಸ್ ರದ್ದು ಎಂದು ತೆಲುಗಿನಲ್ಲಿ ಹೇಳಿ ನೋಟಿಸ್ ಪುಸ್ತಕ ತೆರೆದ. ಗಂಡ ಸತ್ತ ಮೇಲೆ ಗಂಗಾಬಾಯಿಯನ್ನು ಸಾಕಿದ್ದು ಈ ಡಬ್ಬಾ. ಅವಳು ಲೈಸೆನ್ಸ್ ತೆಗೆದು ಓದಿದಳು, ಮತ್ತೆ ಓದಿದಳು. ಇದ್ದಕ್ಕಿದ್ದಂತೆ ಸಿಟ್ಟು ಕನ್ನಡದಲ್ಲೇ ಉಕ್ಕಿತು.

"ಸಾಹೇಬ್ರ, ಇದರಾಗ ಗೋಡಿಯಿಂದ ಅಂತ ಐತ್ರಿ! ಮೆಟ್ಟಲದಿಂದ ಅಂತ ಎಲ್ಲೈತಿ?"

ಅದನ್ನೇ ತೆಲುಗಿನಲ್ಲಿ ಹೇಳಿ, ಪೊರಕೆ ಹಿಡಿದು ಮೆಟ್ಟಿಲಿನ ಮುಂದಿನ ನೆಲ ಗುಡಿಸಿದಳು. ಡಬ್ಬಾದ ಮುಂಗಾಲುಗಳು ಮೊದಲು ಊರಿದ್ದ ಎರಡು ಕುಳಿಗಳು ಮಣ್ಣಿನಡಿಯಿಂದ ಕಂಡವು. ಸೂರ್ಯನಾರಾಯಣ ಗೋಡೆಯಿಂದ ಕುಳಿಯವರೆಗೆ ಟೇಪು ಎಳೆದ. ಸರಿಯಾಗಿ ಐದಡಿ. ಅದರೊಳಗೆ ಮೂರಡಿ ಜನಾರ್ದನನ ಗ್ರಾನೈಟ್! ನೋಟಿಸಿನ ಮೇಲೆ ಅವನ ಹೆಸರೇ ಬಿತ್ತು.

ಎರಡು ದಿನ ಮೆಟ್ಟಿಲಿನ ಮೇಲೆ ಸುತ್ತಿಗೆ ಬಡಿಯಿತು. ಆ ಸದ್ದು ಕೇಳುತ್ತಾ ಪೇಪರ್ ಮಾರಿದ ಗಂಗಾಬಾಯಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಮೂರನೆಯ ದಿನ ಡಬ್ಬಾ ತನ್ನ ಹಳೆಯ ಕುಳಿಗಳಲ್ಲಿ ಕಾಲೂರಿತು. ಗಂಗಾಬಾಯಿ ದಾರ ತೆಗೆದಳು. ಜನಾರ್ದನ ಗೋಡೆಗೆ ಒರಗಿ ನಿಂತಿದ್ದ.

"ಬಾಯಾರ, ಒಂದ ಮೆಟ್ಟಲಾರ ಇರ್ಲಿ ಅನ್ರಿ. ನಾವೂ ನಿಮ್ಮ ಕಡೆಯವ್ರ ಅಲ್ಲೇನ್ರಿ?"

"ಹೌದ್ರಿ, ನಮ್ಮ ಕಡೆಯವ್ರ. ಈಗ ಕಾಲ ತೆಗೀರಿ, ಇದು ಮಂದಿ ನಡ್ಯಾಡೋ ಜಾಗಾ."

ಅವನು ಸರಿದ. ಅವಳು ದಾರದ ಗಂಟನ್ನು ಗೋಡೆಗೆ ಒತ್ತಿಹಿಡಿದಳು.