ಯಾರೂ ಹಿಡಿಯದ ಬ್ಯಾಗು

ಬೀದರಿನ ಅಲಕಾಬಾಯಿ ಜಿಪುಣಿಯೇನಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಆದರೆ ಕೊಡುವ ಹೊತ್ತಿಗೆ ಅವರ ಕೈ ಬೀರುವಿನಲ್ಲಿದ್ದ ಹಳೆಯ ಸೀರೆಗಳ ಕಡೆಗೇ ಹೋಗುತ್ತಿತ್ತು. ಆ ಸೀರೆಗಳೆಲ್ಲ ಹೋಗಿ ಸೇರುತ್ತಿದ್ದದ್ದು ಭಾತಂಬ್ರಾದಲ್ಲಿ ಹೊಲ ನೋಡಿಕೊಂಡಿದ್ದ ಮೈದುನ ಮಂಗೇಶನ ಮನೆಗೆ, ಅವನ ಹೆಂಡತಿ ಮುಕ್ತಾಳ ಟ್ರಂಕಿಗೆ. "ಒಂದೆರಡು ಸಲ ಉಟ್ಟದ್ದು ಅಷ್ಟ, ಹೊಸಾದರಂಗ ಅದ" ಎಂದು ಅಲಕಾಬಾಯಿ ಹೇಳುವುದು, "ಛಲೋ ಅದರಿ ಅಕ್ಕಾ" ಎಂದು ಮುಕ್ತಾ ಕಣ್ಣಿಗೊತ್ತಿಕೊಳ್ಳುವುದು, ಅವಳು ಲಗ್ನವಾಗಿ ಬಂದಾಗಿನಿಂದ ನಡೆದುಬಂದ ಪದ್ಧತಿ. ಭಾತಂಬ್ರಾದಿಂದ ಪ್ರತಿ ವರ್ಷ ತೊಗರಿಬೇಳೆಯ ಚೀಲವೊಂದು ಬರುತ್ತಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಮಗಳು ಶರ್ವರಿ ಜಪಾನಿನ ಒಸಾಕಾದಲ್ಲಿ ವೃದ್ಧರ ಆರೈಕೆಯ ಕೆಲಸಕ್ಕಿದ್ದಳು. ದೀಪಾವಳಿ ಮುಗಿಸಿ ಅಲಕಾಬಾಯಿ ಅವಳನ್ನು ನೋಡಲು ಹೊರಟಾಗ ಮುಕ್ತಾ ಫೋನಿನಲ್ಲಿ ನಗುತ್ತ ಅಂದಳು: "ಅಕ್ಕಾ, ನನಗೇನರ ತರ್ತೀರಂದ್ರ ಸಣ್ಣದ ಇರ್ಲಿರಿ, ಖರೆ ಹೊಸಾದು ತರ್ರಿ."

ನಗುತ್ತಲೇ ಅಂದದ್ದು. ಆದರೂ ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯಂತೆ ಆ ಮಾತು ಜಪಾನಿನವರೆಗೂ ಅವರ ಜೊತೆ ಹೋಯಿತು.

ಬೀದರಿನಲ್ಲಿ ಹಳೆ ಸಾಮಾನೆಂದರೆ ಗುಜರಿ. ಒಸಾಕಾದ ಬಜಾರಿನಲ್ಲಿ ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ಯಾರೋ ಬಳಸಿ ಮಾರಿದ ಬ್ಯಾಗನ್ನು ಎಳೆಗೂಸಿನಂತೆ ಎತ್ತಿ ತೋರಿಸಿದಳು. ಹೆಸರಾಂತ ಫ್ರೆಂಚ್ ಕಂಪನಿಯ ಕಂದು ಚರ್ಮದ ಬ್ಯಾಗು. ಹೊಸದಾದರೆ ಅಲಕಾಬಾಯಿ ಅದರ ಅಂಗಡಿಯ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ಇದರ ಮೂಲೆಗಳು ಸವೆದಿದ್ದವು, ಒಳಗೆ ಯಾರದೋ ಸೆಂಟಿನ ವಾಸನೆಯಿತ್ತು.

"ಅವ್ವಾ, ಒಬ್ಬರು ಹಿಡದಿದ್ದು ಅದ. ನಡೀತದ ನಿನಗ?" ಎಂದಳು ಶರ್ವರಿ.

"ಹೆಸರು ಅಸಲಿ ಅದಲ್ಲ?" ಎಂದರು, ಇನ್ನೊಬ್ಬರು ಕುಡಿದ ಲೋಟವನ್ನು ಎರಡೆರಡು ಸಲ ತೊಳೆಯುವ ಅಲಕಾಬಾಯಿ.

ಅದೇ ಬಜಾರಿನ ಕೊನೆಯ ಸಣ್ಣ ಅಂಗಡಿಯಲ್ಲಿ ಅದೇ ಆಕಾರ, ಅದೇ ಬಣ್ಣದ ಇನ್ನೊಂದು ಬ್ಯಾಗು ತೂಗುತ್ತಿತ್ತು. ಕಂಪನಿಯ ಹೆಸರಿಲ್ಲ, ಚರ್ಮವೂ ಅಲ್ಲ. ಆದರೆ ಹಿಡಿಕೆಗೆ ಪ್ಲಾಸ್ಟಿಕ್ ಸುತ್ತಿದ್ದ ಹೊಚ್ಚ ಹೊಸದು. "ಇದು ಮುಕ್ತಾಗ ಆಗ್ತದ" ಎಂದು ಅದನ್ನೂ ಕೊಂಡರು.

ಊರಿಗೆ ಬಂದು ತಮ್ಮ ಬ್ಯಾಗಿಗೆ ಲೋಭಾನದ ಹೊಗೆ ಹಾಕಿ ಶುದ್ಧ ಮಾಡಿಕೊಂಡರು. ಮುಕ್ತಾಳಿಗೆ ಅವಳದನ್ನು ಸುಮ್ಮನೆ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಒಂದೇ ಕಂಪನಿದು ಎರಡು ತಂದೇನಿ, ನಿನಗೊಂದು ನನಗೊಂದು" ಎಂದುಬಿಟ್ಟರು. ಯಾರು ಕೇಳಿದ್ದರು? ಮುಕ್ತಾಳ ಕಣ್ಣು ತುಂಬಿ ಬಂತು. "ನಿಮ್ಮ ಸರಿಸಮ ನನಗೂ ತಂದೀರಲ್ರಿ ಅಕ್ಕಾ" ಎಂದಳು. ಅವತ್ತಿನಿಂದ ಅಲಕಾಬಾಯಿಗೆ ಒಂದೇ ಹೆದರಿಕೆ, ಇವಳಿಗೆ ನಿಜ ಗೊತ್ತಾದರೆ ಏನು ಗತಿ?

ಮಾಘದಲ್ಲಿ ಮುಕ್ತಾಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಭಾಲ್ಕಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಅಲಕಾಬಾಯಿ ತಮ್ಮ ಬ್ಯಾಗನ್ನು ಮನೆಯಲ್ಲೇ ಬಿಟ್ಟು ಹೋಗುವುದು ಜಾಣತನವಾಗುತ್ತಿತ್ತು. ಆದರೆ ಬೀಗರೆಲ್ಲ ಬರುವವರಿದ್ದರಲ್ಲ! ಮುಕ್ತಾಳೂ ತನ್ನದನ್ನು ಮೊಣಕೈಗೆ ಹಾಕಿಕೊಂಡೇ ಓಡಾಡುತ್ತಿದ್ದಳು. ಹಿಡಿಕೆಯ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ.

ಊಟವಾದ ಮೇಲೆ ಹೆಂಗಸರು ಜಮಖಾನೆಯ ಮೇಲೆ ಕೂತಾಗ ಔರಾದ ಕಡೆಯ ಡಾಬಕಾದಿಂದ ಬಂದಿದ್ದ ಮಂಗೇಶನ ಸೋದರತ್ತೆ ಬಸವೇಶ್ವರಿಯ ಕಣ್ಣು ಎರಡೂ ಬ್ಯಾಗುಗಳ ಮೇಲೆ ಬಿತ್ತು.

"ಅಲಕಾ, ನಿಂದು ಮೂಲಿ ಎಲ್ಲಾ ಸವದಾವ. ಮುಕ್ತಾಂದು ನೋಡು, ಹ್ಯಾಂಗ ಫಳಫಳ ಅಂತದ! ಅಸಲಿ ಅಕಿಗಿ ಕೊಟ್ಟು ನಕಲಿ ನೀ ಇಟ್ಕೊಂಡಿ ಏನು? ಭಾಳ ದೊಡ್ಡ ಮನಸು ನಿಂದು."

ಮುದುಕಿ ಪುಕ್ಕಟೆಯಾಗಿ ಪುಣ್ಯವನ್ನೇ ತಂದು ಮಡಿಲಿಗೆ ಹಾಕಿದ್ದಳು. ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಆದರೆ ಬೀಗರೆದುರು ತಮ್ಮ ಬ್ಯಾಗು ನಕಲಿ ಎನಿಸಿಕೊಂಡದ್ದನ್ನು ಅಲಕಾಬಾಯಿಗೆ ತಡೆಯಲಾಗಲಿಲ್ಲ.

"ನಂದೇ ಅಸಲಿರಿ ಅತ್ತಿ! ಅಕಿದು ನಕಲಿ, ರಸ್ತಾದ ಮ್ಯಾಲಿಂದು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುಂಕುಮದ ತಟ್ಟೆ ಹಿಡಿದು ಮುಕ್ತಾ ಬೆನ್ನ ಹಿಂದೆಯೇ ನಿಂತಿದ್ದಳು.

ಬಸವೇಶ್ವರಿ ಬಿಡುವವಳಲ್ಲ. "ಅಸಲಿ ಇದ್ರ ಇಷ್ಟ್ಯಾಕ ಸವದದ? ನೀ ತಂದು ಮೂರು ತಿಂಗಳಾಗಿಲ್ಲ."

"ಅದು... ಮೊದಲ ಯಾರೋ ಹಿಡದಿದ್ದರಿ."

"ಮಂದಿ ಹಿಡದು ಬಿಟ್ಟಿದ್ದ?" ಎಂದಳು ಮುದುಕಿ. ಬೀಗಿತಿಯೊಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಮುಕ್ತಾ ಸಾಲಾಗಿ ಎಲ್ಲರಿಗೂ ಕುಂಕುಮ ಹಚ್ಚುತ್ತ ಬಂದು ಅಲಕಾಬಾಯಿಗೂ ಹಚ್ಚಿದಳು. ಅವಳ ಮುಖ ನೋಡುವ ಧೈರ್ಯ ಅಲಕಾಬಾಯಿಗೆ ಆಗಲಿಲ್ಲ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಸಂಜೆ ಹೊರಡುವಾಗ ಮಂಗೇಶ ಕಾರಿನ ಡಿಕ್ಕಿಗೆ ಒಂದು ಚೀಲ ಎತ್ತಿಟ್ಟ. ಮುಕ್ತಾಳೂ ಹೊರಗೆ ಬಂದಳು. ಬ್ಯಾಗು ಮೊಣಕೈಯಲ್ಲೇ ಇತ್ತು.

"ಮುಕ್ತಾ, ತಪ್ಪಾಯ್ತವಾ. ಮೊದಲ ಖರೆ ಹೇಳಬೇಕಿತ್ತು ನಾ."

"ಅಕ್ಕಾ, ಒಂದ ಕೇಳ್ತೇನಿರಿ. ಇದನ್ನ ಯಾರೂ ಹಿಡದಿಲ್ಲಲ್ಲ?"

"ಇಲ್ಲ. ನಿನ್ನ ಆಣಿ. ಹೊಸಾದು."

ಮುಕ್ತಾಳ ಮುಖ ಸಡಿಲವಾಯಿತು. "ಹಂಗಾದ್ರ ಬಿಡ್ರಿ. ನಾ ಕೇಳಿದ್ದು ಅಷ್ಟ. ಇಷ್ಟು ವರ್ಷದಾಗ ನೀವು ಕೊಟ್ಟ ಹೊಸಾದು ಇದ ಒಂದರಿ."

ಆಮೇಲೆ ಡಿಕ್ಕಿಯಲ್ಲಿದ್ದ ಚೀಲದ ಬಾಯಿ ಬಿಗಿ ಮಾಡುತ್ತ, ಎಂದಿನ ದನಿಯಲ್ಲೇ ಹೇಳಿದಳು: "ಈ ವರ್ಷದ ಬ್ಯಾಳಿ ಅದರಿ. ನಾವಿನ್ನೂ ಬಾಯಿಗಿ ಹಾಕಿಲ್ಲ. ನಿಮ್ಮ ಮನಿಗಿ ಮುಟ್ಟಿದ ಮ್ಯಾಲೇ ನಮ್ಮ ಮನ್ಯಾಗ ಬೇಯಿಸೋದು, ಯಾವಾಗ್ಲೂ ಹಂಗೇ ಅಲ್ರಿ."

ಯಾವಾಗಲೂ ಹಾಗೆಯೇ ಎಂಬುದು ಅಲಕಾಬಾಯಿಗೆ ಗೊತ್ತಾದದ್ದು ಅವತ್ತು.